ಬಂದರಿನ ಕಡೆಯ ಬಣ್ಣ

ಸಮುದ್ರದ ಜೊತೆ ನನ್ನ ಪರಿಚಯ ಮೊಣಕಾಲಿನವರೆಗೆ ಮಾತ್ರ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೊನ್ನಾವರದ ಹತ್ತಿರ ಪ್ಯಾಂಟು ಮಡಚಿಕೊಂಡು ನೀರಿಗಿಳಿದಿದ್ದೆ. ಮೂರನೇ ಅಲೆಗೆ ಒಂದು ಚಪ್ಪಲಿ ಹೋಯಿತು, ನಾಲ್ಕನೆಯದಕ್ಕೆ ಕಾಯದೆ ದಡಕ್ಕೆ ಬಂದುಬಿಟ್ಟೆ. ಇಷ್ಟೇ ಅನುಭವದ ಬಲದ ಮೇಲೆ ನಾನು ಇಪ್ಪತ್ತು ವರ್ಷಗಳಿಂದ ಶಿವಮೊಗ್ಗದ ಕಾಲೇಜೊಂದರಲ್ಲಿ ಬಿ.ಎ. ಮಕ್ಕಳಿಗೆ ‘ನೌಕಾಬಲ ಮತ್ತು ರಾಜತಾಂತ್ರಿಕತೆ’ ಎಂಬ ಪಾಠ ಮಾಡುತ್ತಾ ಬಂದಿದ್ದೇನೆ. ಪಾಠ ಚೆನ್ನಾಗಿಯೇ ಮಾಡುತ್ತೇನೆ, ಸುಳ್ಳು ಹೇಳಬಾರದು. ಹಡಗು ಕಟ್ಟಿದವನಿಗೆ ಯುದ್ಧ ಮಾಡಲೇಬೇಕೆಂದಿರಲಿಲ್ಲ, ಬಂದರಿನೆದುರು ಬಂದು ನಿಂತರೇ ಸಾಕಿತ್ತು, ದಡದ ಮೇಲಿನ ಅರಸನಿಗೆ ತಾನಾಗಿಯೇ ಸ್ನೇಹ ಉಕ್ಕುತ್ತಿತ್ತು ಎಂದು ನಾನು ಹೇಳುವಾಗ ಹಿಂದಿನ ಬೆಂಚಿನವರೂ ಮೊಬೈಲು ಕೆಳಗಿಡುತ್ತಾರೆ. ಒಮ್ಮೆ ಒಬ್ಬ ಹುಡುಗಿ ಎದ್ದು, “ಸಾರ್, ನಮ್ಮೂರಲ್ಲಿ ಇರೋದು ತುಂಗೆ. ನಮಗ್ಯಾಕೆ ಸಾರ್ ನೌಕಾಪಡೆ?” ಎಂದಳು. ಅವಳಿಗೆ ಇಕ್ಕೇರಿ ನಾಯಕರ ಕಥೆ ಹೇಳಿದೆ. ಘಟ್ಟದ ಮೇಲಿದ್ದ ಇವರ ಕೈಯಲ್ಲಿ ಮೆಣಸು ಮತ್ತು ಅಕ್ಕಿ, ಕಡಲಲ್ಲಿದ್ದ ಪೋರ್ಚುಗೀಸರ ಕೈಯಲ್ಲಿ ಹಡಗು. ಅವರ ಪರವಾನಗಿ ಚೀಟಿಯಿಲ್ಲದೆ ಇವರ ಸರಕು ಹೊರಡುವಂತಿಲ್ಲ, ಇವರು ಅಕ್ಕಿ ಕೊಡದಿದ್ದರೆ ಅವರ ಒಲೆ ಉರಿಯುವಂತಿಲ್ಲ. ಹೀಗೆ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಲೇ ಒಪ್ಪಂದ ಮಾಡಿಕೊಳ್ಳುತ್ತಿದ್ದರು. “ಅಂದ್ರೆ ಸಂಸಾರದ ಥರ” ಎಂದಳು ಆ ಹುಡುಗಿ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕು ಮುಂದಿನ ಪುಟಕ್ಕೆ ಹೋದೆ.

ನಮ್ಮ ಮನೆತನಗಳಲ್ಲಿ ನಿಜವಾಗಿ ಸಮುದ್ರ ಕಂಡವರು ನನ್ನ ಮಾವ, ಅಂದರೆ ನನ್ನ ಹೆಂಡತಿ ಜಯಂತಿಯ ಅಪ್ಪ. ಹದಿನೈದು ವರ್ಷ ನೌಕಾಪಡೆಯಲ್ಲಿ ಸಾಧಾರಣ ನಾವಿಕರಾಗಿದ್ದು, ಆಮೇಲೆ ಊರಿಗೆ ಬಂದು ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇತ್ ಓಡಿಸಿ, ಈಗ ಭದ್ರಾವತಿಯಲ್ಲಿ ಅತ್ತೆಯ ಜೊತೆ ಆರಾಮಾಗಿದ್ದಾರೆ. ನಮ್ಮಿಬ್ಬರ ನಡುವೆ ಒಂದು ಸಭ್ಯ ಸ್ಪರ್ಧೆಯಿತ್ತು. ಅವರಿಗೆ ಇತಿಹಾಸ ಗೊತ್ತಿಲ್ಲವೆಂದು ನನಗೆ ಕನಿಕರ, ನನಗೆ ಈಜು ಬರುವುದಿಲ್ಲವೆಂದು ಅವರಿಗೆ ಕನಿಕರ. ಒಂದು ದಿನ ಊಟದ ನಂತರ ಅವರಿಗೆ ನನ್ನ ಪಾಠವನ್ನೆಲ್ಲ ಒಪ್ಪಿಸಿದೆ. ಸ್ನೇಹದ ಬಂದರಿಗೆ ಬರುವ ಹಡಗು ಹಿಂದಿನ ಕಾಲದಲ್ಲಿ ಮೊದಲು ತನ್ನ ತೋಪುಗಳನ್ನು ಗಾಳಿಗೆ ಹಾರಿಸಿ ಖಾಲಿ ಮಾಡುತ್ತಿತ್ತು, ‘ನೋಡಿ, ಈಗ ನನ್ನಲ್ಲಿ ಮದ್ದಿಲ್ಲ’ ಎಂದು ತೋರಿಸಲು. ದಡದ ಕೋಟೆಯೂ ಹಾಗೇ ಉತ್ತರ ಕೊಡುತ್ತಿತ್ತು. ಕುಶಾಲುತೋಪು ಹುಟ್ಟಿದ್ದೇ ಹಾಗೆ ಎಂದೆ. ಮಾವ ಅಡಿಕೆ ಚೂರು ಬಾಯಿಗೆ ಹಾಕಿಕೊಂಡು, “ಅದೆಲ್ಲ ದೊಡ್ಡೋರ ವಿಷಯ ಅಳಿಯಂದ್ರೇ” ಎಂದರು. “ಬೇರೆ ದೇಶದ ಬಂದರಿಗೆ ಹೋಗೋ ಮುಂಚೆ ನಮ್ಮಂಥೋರ ಕೈಗೆ ಬಣ್ಣದ ಡಬ್ಬಿ ಕೊಡೋರು. ತುಕ್ಕು ಕೆರಿ, ಬಣ್ಣ ಹೊಡಿ. ಟೈಮ್ ಸಾಲ್ದಿದ್ರೆ ಬಂದರಿನ ಕಡೆಗೆ ಕಾಣೋ ಮಗ್ಗುಲಿಗಷ್ಟೇ. ನಮ್ ಮನೆಗೆ ಬರೋರಿಗೆ ನಾವು ಹೆಂಗೆ ಸಾರಿಸಿ ಗುಡಿಸ್ತೀವೋ, ಹಂಗೇ ನೋಡಿ.” ನಾನು ಔಪಚಾರಿಕವಾಗಿ ನಕ್ಕೆ. ಇದು ಯಾವ ಪುಸ್ತಕದಲ್ಲೂ ಇರಲಿಲ್ಲವಾದ್ದರಿಂದ ನೋಟ್ಸಿಗೆ ಸೇರಿಸಲಿಲ್ಲ.

ಈ ವರ್ಷದ ಗಲಾಟೆಗೆ ಕಾರಣ ನಾನೇ. ಒಂದು ಸಂಜೆ ಮಾವ ತಮ್ಮ ಹಳೇ ಸ್ಕೂಟರಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಶಿವಮೊಗ್ಗಕ್ಕೆ ಬಿಡಲು ಬರುತ್ತಿದ್ದರು. ಮಾಚೇನಹಳ್ಳಿಯ ಹತ್ತಿರ ಗಕ್ಕನೆ ನಿಲ್ಲಿಸಿದರು. ಹಿರಿಯರು ನಿಲ್ಲಿಸಿದ್ದಾರೆಂದರೆ ಕಾರಣವಿರುತ್ತದೆಂದು ನಾನೂ ಸುಮ್ಮನೆ ಕೂತೆ. ಎರಡು ನಿಮಿಷವಾಯಿತು, ಐದು ನಿಮಿಷವಾಯಿತು. ಹಿಂದಿನ ಲಾರಿಗಳು ಹಾರನ್ ಹೊಡೆದು, ನಮ್ಮ ಇಬ್ಬರ ವಂಶವನ್ನೂ ವಿಚಾರಿಸಿಕೊಂಡು ಪಕ್ಕದಿಂದ ಹೋಗುತ್ತಿದ್ದವು. “ಯಾಕೆ ಮಾವ?” ಎಂದೆ. “ಸಿಗ್ನಲ್ ಕೆಂಪಿದ್ಯಲ್ಲ, ಕಾಣ್ಸಲ್ವಾ ನಿಮಗೆ?” ಎಂದರು. ಅದು ಪಂಕ್ಚರ್ ಅಂಗಡಿಯ ಮುಂದೆ ಟೈರಿಗೆ ಸಿಕ್ಕಿಸಿದ್ದ ಕೆಂಪು ಬಲ್ಬು.

ರವೀಂದ್ರನಗರದ ನಮ್ಮ ಮನೆಗೆ ಬಂದವನೇ ಇದನ್ನು ಕೈಬಾಯಿ ತಿರುಗಿಸಿ, ಲಾರಿಯವರ ದನಿ ಸಮೇತ ಅಭಿನಯಿಸಿ ತೋರಿಸಿದೆ. ಜಯಂತಿ ನಗಲಿಲ್ಲ. ಮಾವನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಲೇಬೇಕೆಂದು ಡಾಕ್ಟರು ಆರು ತಿಂಗಳ ಹಿಂದೆಯೇ ಹೇಳಿದ್ದರು. ಮಾವ “ಹನ್ನೆರಡು ಮೈಲಿ ದೂರದ ದೀಪ ಗುರುತಿಸಿದ ಕಣ್ಣು ಇದು, ಡಾಕ್ಟರಿಗೇನು ಗೊತ್ತು” ಎಂದು ಎದ್ದು ಬಂದಿದ್ದರು. “ಇವತ್ತು ಕೆಂಪು ಅಂತ ನಿಂತ್ರು, ಸರಿ. ನಾಳೆ ಯಾವ್ದೋ ಬೀಡಾ ಅಂಗಡಿ ಹಸಿರು ಲೈಟು ನೋಡಿ ನುಗ್ಗಿದ್ರೆ?” ಎಂದಳು ಜಯಂತಿ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಮೊಳೆಗೆ ನೇತುಹಾಕಿದ್ದ ಸ್ಕೂಟರಿನ ಕೀ ತೆಗೆದು ಬ್ಯಾಗಿಗೆ ಹಾಕಿಕೊಂಡು, “ಆಪರೇಷನ್ ಮಾಡಿಸ್ಕೊಳ್ಳೋವರೆಗೂ ಕೊಡಲ್ಲ” ಎಂದಳಂತೆ. “ಕೀ ತರೋ ಹಂಗಿದ್ರೆ ಮಾತ್ರ ಈ ಮನೆಗೆ ಬಾ ಮಾರಾಯ್ತಿ” ಎಂದರಂತೆ ಮಾವ. ಕೀ ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯೊಳಗೆ ಹೋಗಿ ಕೂತಿತು.

ಇದಕ್ಕೆ ನನ್ನ ಪಾಠದಲ್ಲಿ ದಿಗ್ಬಂಧನ ಎನ್ನುತ್ತಾರೆ. ಒಂದೂ ಗುಂಡು ಹಾರಿಸದೆ ಎದುರಾಳಿಯ ಓಡಾಟ ನಿಲ್ಲಿಸಿ, ಅವನೇ ಮಾತುಕತೆಗೆ ಬರಲಿ ಎಂದು ಕಾಯುವುದು. ಪಾಠದಲ್ಲಿ ಹೇಳದೆ ಬಿಟ್ಟದ್ದೇನೆಂದರೆ, ಕಾಯುವವರಿಗೂ ಅಷ್ಟೇ ಸಂಕಟವಾಗುತ್ತದೆ. ಜಯಂತಿ ಒಗ್ಗರಣೆಗೆಂದು ಸಾಸಿವೆ ಡಬ್ಬಿ ತೆಗೆದಾಗಲೆಲ್ಲ ಕೀ ಕೈಗೆ ಸಿಗುತ್ತಿತ್ತು, ಅವತ್ತಿನ ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು. ಫೋನು ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮೊದಲು ಫೋನು ಮಾಡಿದವರು ಸೋತ ಹಾಗೆ ಎಂದು ಅಪ್ಪನೂ ಮಗಳೂ ಬೇರೆ ಬೇರೆ ಕೂತು ಒಂದೇ ತೀರ್ಮಾನಕ್ಕೆ ಬಂದಿದ್ದರು. ಹಾಗಾಗಿ ಪ್ರತಿ ಭಾನುವಾರ ರಾಯಭಾರಿಯಾಗಿ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲೊಂದು ಸ್ಟೀಲ್ ಡಬ್ಬಿ. “ಅಮ್ಮನಿಗೆ ಕೊಡಿ” ಎಂದು ಜಯಂತಿ ತುಂಬಿಸುತ್ತಿದ್ದದ್ದು ಹಾಗಲಕಾಯಿ ಗೊಜ್ಜು. ಅತ್ತೆ ಹಾಗಲಕಾಯಿ ಮುಟ್ಟುವುದಿಲ್ಲ, ಅದು ಮಾವನಿಗೆ ಪ್ರಾಣ. ಡಬ್ಬಿಯನ್ನು ಖಾಲಿ ಕಳಿಸಬಾರದೆಂದು ಅತ್ತೆ ಅದರಲ್ಲಿ ಹುರಿಟ್ಟಿನ ಉಂಡೆ ತುಂಬಿ ಕೊಡುವರು. ನಾನು ಒಯ್ದು ತಂದ ಈ ಡಬ್ಬಿಯ ಹೊರತು ಎರಡು ಮನೆಗಳ ನಡುವೆ ಮಾತು ನಿಂತೇಹೋಗಿತ್ತು.

ಮೊದಲ ಭಾನುವಾರ ಹೋದಾಗ ಮಾವನ ಮನೆಯ ಗೇಟು ಹಸಿ ಬಣ್ಣದ ವಾಸನೆ ಹೊಡೆಯುತ್ತಿತ್ತು. ಹಡಗಿನದೇ ಬೂದು ಬಣ್ಣ. “ಗೇಟು ನೋಡಿದ್ರಾ?” ಎಂದರು ಮಾವ. “ಚೆನ್ನಾಗಿದೆ ಮಾವ” ಎಂದೆ. “ಮನೇಲಿ ಹೇಳಿ.” “ಏನಂತ?” “ಗೇಟಿಗೆ ಬಣ್ಣ ಆಯ್ತು ಅಂತ.” ಆಗಲಿ ಎಂದೆ, ಮರೆತೆ. ಸ್ಕೂಟರಿಲ್ಲದೆ ಪಾಪ ಹೊತ್ತು ಹೋಗುತ್ತಿಲ್ಲ ಎಂದುಕೊಂಡೆ. ಎರಡನೇ ಭಾನುವಾರ ಅದೇ ಗೇಟಿಗೆ ಮತ್ತೆ ಬಣ್ಣ. ಮತ್ತೆ ಅದೇ ಪ್ರಶ್ನೆ, ನನ್ನದು ಅದೇ ಉತ್ತರ. ಮೂರನೇ ಭಾನುವಾರವೂ ಹಾಗೇ ಆಯಿತು. ಅವತ್ತು ಹೊರಡುವಾಗ ಅತ್ತೆ ಗೇಟಿನವರೆಗೂ ಬಂದು ಏನೋ ಹೇಳಲು ಬಾಯಿ ತೆರೆದು, ಒಳಗಿನಿಂದ ಮಾವ ಕೆಮ್ಮಿದ್ದು ಕೇಳಿ, “ಉಂಡೆ ಗಟ್ಟಿಯಾಗಿದೆ, ಜೋಪಾನ” ಎಂದಷ್ಟೇ ಹೇಳಿ ಒಳಗೆ ಹೋದರು.

ಮನೆಗೆ ಬಂದು ಅಂಗಿ ಬಿಚ್ಚಿ ಹಾಕಿದೆ. ಒಗೆಯಲು ತೆಗೆದುಕೊಂಡ ಜಯಂತಿ ಅಂಗಿಯ ಮೊಣಕೈ ಹತ್ತಿರ ನೋಡಿ, “ಏನಿದು ಬೂದು?” ಎಂದಳು. “ನಿಮ್ಮಪ್ಪ ಗೇಟಿಗೆ ಬಣ್ಣ ಹೊಡ್ದಿದಾರೆ, ತಾಗಿರ್ಬೇಕು.” “ಯಾವಾಗ ಹೊಡ್ದಿದ್ದು?” “ಪ್ರತಿ ವಾರ ಹೊಡೀತಿದಾರೆ, ಮೂರು ವಾರದಿಂದ.” ಅವಳು ಅಂಗಿ ಹಿಡಿದುಕೊಂಡೇ ಬಚ್ಚಲಮನೆಯ ಹೊಸ್ತಿಲಿನ ಮೇಲೆ ಕೂತುಬಿಟ್ಟಳು. “ಮೂರು ವಾರ ಸುಮ್ನಿದ್ರಾ ನೀವು? ನಾನು ಸೆಕೆಂಡ್ ಪಿಯುಸಿ ಫೇಲಾಗಿ, ಅಪ್ಪನ ಮುಖ ನೋಡಕ್ಕಾಗ್ದೆ ಅಜ್ಜಿ ಮನೆಗೆ ಓಡ್ಹೋಗಿದ್ದೆ ರೀ. ಹದಿನೈದು ದಿನ ಬಿಟ್ಟು ಹೆದರ್ಕೊಂಡು ವಾಪಸ್ ಬಂದ್ರೆ ಗೇಟಿಗೆ ಹೊಸ ಬಣ್ಣ. ಅಪ್ಪ ಒಂದು ಮಾತು ಕೇಳ್ಲಿಲ್ಲ. ಬಾ, ಊಟ ಮಾಡು ಅಂದ್ರು, ಅಷ್ಟೇ. ಬಾಣಂತನಕ್ಕೆ ಹೋದಾಗ ಬಣ್ಣ. ನೀವು ನನ್ನ ನೋಡಕ್ಕೆ ಬಂದಾಗ್ಲೂ ಬಣ್ಣ.”

ಆಗ ನನಗೆ ನೆನಪಾಯಿತು. ಹೆಣ್ಣು ನೋಡಲು ಹೋದ ದಿನ ನನ್ನ ಹೊಸ ಬಿಳಿ ಪ್ಯಾಂಟಿಗೆ ಬೂದು ಪಟ್ಟೆ ಹತ್ತಿ, ನಮ್ಮಮ್ಮ ದಾರಿಯುದ್ದಕ್ಕೂ “ಎಂಥಾ ಜನ, ಬರೋರಿದ್ದಾರೆ ಅಂತ ಗೊತ್ತಿದ್ದೂ ಅವತ್ತೇ ಬಣ್ಣ ಹೊಡ್ದಿದಾರೆ” ಎಂದು ಗೊಣಗಿದ್ದರು. ಬರುವವರಿದ್ದಾರೆಂದೇ ಹೊಡೆದದ್ದು ಎಂದು ತಿಳಿಯಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ಈ ಬುದ್ಧಿಗೆ ಸರ್ಕಾರ ಸಂಬಳ ಬೇರೆ ಕೊಡುತ್ತಿದೆ.

ಆ ಮಧ್ಯಾಹ್ನವೇ ಹೊರಟೆವು. ಜಯಂತಿ ಸಾಸಿವೆ ಡಬ್ಬಿಗೆ ಕೈಹಾಕಿ ಕೀ ತೆಗೆದು ಸೆರಗಿಗೆ ಒರೆಸಿಕೊಂಡಳು. ನನ್ನ ಬೈಕು ಮಾಚೇನಹಳ್ಳಿ ದಾಟುವಾಗ ಪಂಕ್ಚರ್ ಅಂಗಡಿಯ ಕೆಂಪು ಬಲ್ಬು ಹಗಲಲ್ಲೂ ಉರಿಯುತ್ತಿತ್ತು. ಹಿಂದಿನಿಂದ ಅವಳು ಕಿಸಕ್ಕನೆ ನಕ್ಕದ್ದು ಕೇಳಿಸಿತು, ನಾನು ಅಭಿನಯಿಸಿದ ಜೋಕಿಗೆ ಮೂರು ವಾರ ತಡವಾಗಿ. ಸ್ವಲ್ಪ ಹೊತ್ತಿಗೆ ನನ್ನ ಬೆನ್ನಿಗೆ ಅವಳ ಹಣೆ ತಾಗಿತು, ಅಂಗಿ ಒದ್ದೆಯಾಯಿತು.

ಗೇಟಿನ ಹತ್ತಿರ ಮಾವ ಬಾಗಿ ಏನೋ ಮಾಡುತ್ತಿದ್ದರು. ಜಯಂತಿ ಬೈಕಿನಿಂದ ಇಳಿಯುತ್ತಲೇ ಶುರುಮಾಡಿದಳು. ಹಟಮಾರಿ, ಹೇಳಿದ ಮಾತು ಕೇಳಲ್ಲ, ಅಮ್ಮನ ಕಷ್ಟ ಗೊತ್ತಾಗಲ್ಲ, ಬಿಸಿಲಲ್ಲಿ ಟೋಪಿ ಇಲ್ಲದೆ ನಿಂತಿದ್ದೀಯ. ಬೀದಿಯವರೆಲ್ಲ ಕೇಳುವಂತೆ ಬೈದಳು. ಅವಳು ಉಸಿರು ತೆಗೆದುಕೊಂಡಾಗ ಮಾವ ಶುರುಮಾಡಿದರು. ಕಳ್ಳಿ, ಹೆತ್ತಪ್ಪನ ಮನೇಲಿ ಕೀ ಕದ್ದೆ, ಮೂರು ವಾರ ಬದುಕಿದೀನಾ ಅಂತ ಕೇಳ್ಲಿಲ್ಲ, ಗೊಜ್ಜಿಗೆ ಬೆಲ್ಲ ಕಡಿಮೆ ಹಾಕ್ತೀಯ. ನಾನು ಗಾಬರಿಯಾದೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ ಅವಳು ನಾಲ್ಕು ಬೈದಿದ್ದಳು, ಇವರೂ ಸರಿಯಾಗಿ ನಾಲ್ಕು. ಅಲ್ಲಿಗೆ ಇಬ್ಬರಲ್ಲೂ ಮದ್ದು ಮುಗಿದಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದ ಕುಶಾಲುತೋಪನ್ನು ನಾನು ಮೊದಲ ಸಲ ಕಿವಿಯಾರೆ ಕೇಳಿದ್ದು ಭದ್ರಾವತಿಯ ಒಂದು ಗೇಟಿನ ಮುಂದೆ.

ಜಯಂತಿ ಗೇಟು ನೋಡಿದಳು. ನಾನೂ ಆಗಲೇ ಅದನ್ನು ಸರಿಯಾಗಿ ನೋಡಿದ್ದು. ಬಣ್ಣವಿದ್ದದ್ದು ಬೀದಿಯ ಕಡೆಗೆ ಮಾತ್ರ. ಅಲ್ಲೂ ಮೂರು ಸರಳು ಪೂರ್ತಿ ಬಿಟ್ಟುಹೋಗಿ ತುಕ್ಕು ಹಾಗೇ ಕಾಣುತ್ತಿತ್ತು. ಮನೆ ನಂಬರಿನ ತಗಡು ಬಣ್ಣದಡಿ ಮುಚ್ಚಿಹೋಗಿತ್ತು. ಪಕ್ಕದ ದಾಸವಾಳ ಗಿಡದ ನಾಲ್ಕೈದು ಎಲೆಗಳೂ ಬೂದಾಗಿದ್ದವು. ಇದರ ಮುಂದೆ ನಿಂತು ನಾನು ಮೂರು ವಾರ ‘ಚೆನ್ನಾಗಿದೆ ಮಾವ’ ಎಂದಿದ್ದೆ.

“ಹೆಂಗಿದೆ ಗೇಟು?” ಎಂದರು ಮಾವ.

“ಚೆನ್ನಾಗಿದೆ ಅಪ್ಪ” ಎಂದಳು ಜಯಂತಿ.

“ಅಳಿಯಂದ್ರೂ ಹಂಗೇ ಅಂದ್ರು. ಪಾಪ, ಅವ್ರು ನೋಡೋದೇ ಇಲ್ಲ. ನೀನು ಸುಳ್ಳು ಹೇಳ್ಬೇಡ. ಸರಳು ಕಾಣ್ಸಲ್ಲ ಕಣೇ. ಮುಟ್ಟಿ ಮುಟ್ಟಿ ಹೊಡ್ದೆ. ಪ್ರತಿ ವಾರ ಎಲ್ಲೋ ಬಿಟ್ಟಿದೆ ಅನ್ಸಿ ಮತ್ತೆ ಹೊಡ್ದೆ. ಎಲ್ಲೆಲ್ಲಿ ಬಿಟ್ಟಿದೆ, ಹೇಳು.”

ಜಯಂತಿ ಹತ್ತಿರ ಹೋದಳು. ಅವರ ಕೈ ಹಿಡಿದು, ಬೆರಳನ್ನು ಒಂದೊಂದೇ ತುಕ್ಕಿನ ಸರಳಿನ ಮೇಲೆ ಇಟ್ಟಳು. “ಇಲ್ಲಿ ಅಪ್ಪ. ಇಲ್ಲಿ. ಮತ್ತೆ ಇಲ್ಲಿ.” ಕೊನೆಯದಾಗಿ ಅದೇ ಅಂಗೈಯಲ್ಲಿ ಸ್ಕೂಟರಿನ ಕೀ ಇಟ್ಟಳು. ಮಾವ ಅದನ್ನು ಒಂದು ಗಳಿಗೆ ಸವರಿ, ಮೂಸಿ, “ಸಾಸಿವೆ ಡಬ್ಬೀಲಿಟ್ಟಿದ್ಯಾ?” ಎಂದು, ಮತ್ತೆ ಅವಳ ಕೈಗೇ ಕೊಟ್ಟರು. “ನಿನ್ನ ಹತ್ರಾನೇ ಇರ್ಲಿ. ಆಸ್ಪತ್ರೆಗೆ ಯಾವತ್ತು ಕರ್ಕೊಂಡ್ ಹೋಗ್ತೀಯ, ಹೇಳು.” ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಂಡೆ. ಬೈಕಿನಲ್ಲಿ ಬಂದ ಧೂಳು ಎಂದು ಯಾರೂ ಕೇಳದಿದ್ದರೂ ಹೇಳಿದೆ.

ಈಗ ಮಾವನ ಎರಡೂ ಕಣ್ಣು ಚೆನ್ನಾಗಿವೆ. ಪಟ್ಟಿ ಬಿಚ್ಚಿದಾಗ ನನ್ನನ್ನು ನೋಡಿ, “ಅಯ್ಯೋ, ತಲೆ ಇಷ್ಟು ಬೆಳ್ಳಗಾಗಿದ್ಯಾ ಅಳಿಯಂದ್ರೇ, ಯಾರೂ ಹೇಳ್ಲೇ ಇಲ್ಲ” ಎಂದು ಮರುಗಿದರು. ಕೀ ಅವರಿಗೆ ವಾಪಸ್ಸಾಗಿದೆ. ಈ ಭಾನುವಾರ ಅವರೇ ಸ್ಕೂಟರ್ ಓಡಿಸಿಕೊಂಡು, ಅತ್ತೆಯನ್ನು ಹಿಂದೆ ಕೂರಿಸಿಕೊಂಡು ನಮ್ಮಲ್ಲಿಗೆ ಬರುತ್ತಿದ್ದಾರೆ. ಹಾಗಾಗಿ ಇವತ್ತು ಬೆಳಿಗ್ಗೆಯಿಂದ ನಾನು ನಮ್ಮ ಗೇಟಿಗೆ ಬಣ್ಣ ಹೊಡೆಯುತ್ತಿದ್ದೇನೆ. ಬೀದಿಯ ಕಡೆ ಮುಗಿಸಿ ಬ್ರಶ್ಶು ತೊಳೆಯಲು ಹೊರಟರೆ ಜಯಂತಿ ಜಗುಲಿಯಿಂದ, “ಒಳಗಡೆ ಮಗ್ಗುಲು?” ಎಂದಳು. “ಬಂದರಿನ ಕಡೆಗೆ ಕಾಣೋದಷ್ಟೇ ಸಾಕು, ನಿಮ್ಮಪ್ಪನದೇ ನಿಯಮ” ಎಂದೆ. “ಅಪ್ಪ ಜಗುಲೀಲಿ ಕೂತು ಕಾಫಿ ಕುಡಿಯುವಾಗ ನೋಡೋದು ಯಾವ ಕಡೆ? ಈಗ ಅವ್ರಿಗೆ ಕಣ್ಣು ಕಾಣುತ್ತೆ, ನೆನಪಿರ್ಲಿ” ಎಂದಳು. ಮತ್ತೆ ಡಬ್ಬಿ ತೆರೆದು ಕೂತೆ.

ಎಲ್ಲ ಮುಗಿಸಿ ದೂರ ನಿಂತು ನೋಡಿದೆ. ನನ್ನ ಕೆಲಸ ನನಗೇ ಮೆಚ್ಚಿಗೆಯಾಯಿತು. ಜಯಂತಿ ಬಂದು ಪಕ್ಕದಲ್ಲಿ ನಿಂತಳು. ನನ್ನ ಕೈ ಹಿಡಿದು, ಬೆರಳನ್ನು ಒಂದು ಸರಳಿನ ಮೇಲಿಟ್ಟಳು. ತುಕ್ಕು ಒರಟಾಗಿ ತಾಗಿತು. ಇನ್ನೊಂದರ ಮೇಲಿಟ್ಟಳು. ಅಲ್ಲೂ ತುಕ್ಕು. ಬೇಲಿಯ ನಂದಬಟ್ಟಲಿನ ಬೂದು ಎಲೆಯೊಂದನ್ನು ಕಿತ್ತು ನನ್ನ ಜೇಬಿಗೆ ಹಾಕಿ ಒಳಗೆ ಹೋದಳು. ನಾನು ನಗುತ್ತಾ ಕೈ ತೊಳೆದು, ಹಾಲು ತರೋಣವೆಂದು ಬೈಕಿನ ಕೀಗೆ ಮೊಳೆಯತ್ತ ಕೈ ಚಾಚಿದೆ. ಮೊಳೆ ಖಾಲಿಯಿತ್ತು. ಅಡುಗೆಮನೆಯಲ್ಲಿ ಯಾರೋ ಸಾಸಿವೆ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಒತ್ತಿ ಮುಚ್ಚಿದ ಸದ್ದಾಯಿತು.