ಮಾಳಿಗೆಯ ಮೇಲಿನ ಯುದ್ಧನೌಕೆ

ನಮ್ಮ ಕಾಕಾ ಈವರೆಗೆ ಸಮುದ್ರ ನೋಡಿಲ್ಲ. ಆದರೆ ಇಂಡಿ ತಾಲೂಕಿಗೆ ನೌಕಾಪಡೆಯೊಂದು ಮಂಜೂರಾದರೆ ಅದರ ದಂಡನಾಯಕ ಅವನೇ, ಅದರಲ್ಲಿ ಎರಡು ಮಾತಿಲ್ಲ! ಸಾಲೋಟಗಿಯ ಹತ್ತಿರ ನಿಂಬೆ ಬೆಳೆದುಕೊಂಡಿರುವ ಮನುಷ್ಯನಿಗೆ ಯುದ್ಧನೌಕೆಯ ಹುಚ್ಚು ಎಲ್ಲಿಂದ ಹತ್ತಿತು ಎನ್ನುತ್ತೀರಾ? ಮೊಬೈಲಿನಿಂದ. ನಿಂಬೆ ಗಿಡದ ರೋಗಕ್ಕೆ ಔಷಧ ಹುಡುಕುತ್ತಿದ್ದವನಿಗೆ ಹಡಗಿನ ವಿಡಿಯೋ ಸಿಕ್ಕಿತು. ಗಿಡದ ರೋಗ ವಾಸಿಯಾಯಿತು, ಕಾಕಾನದು ಆಗಲಿಲ್ಲ.

ಅದೂ ಎಂಥ ಹಡಗು! ಬರೀ ತೋಪಿನ ಹಡಗು ಅವನಿಗೆ ಸಪ್ಪೆ. ಬರೀ ವಿಮಾನ ಹೊರುವ ಹಡಗೂ ಸಪ್ಪೆ. ಎರಡೂ ಒಂದರಲ್ಲೇ ಇರಬೇಕು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ತಮ್ಮ ಎರಡು ದೊಡ್ಡ ಹಡಗುಗಳ ಹಿಂದಿನ ತೋಪುಗಳನ್ನು ಕಿತ್ತು, ಅಲ್ಲಿ ವಿಮಾನ ಹಾರಿಸಲು ಅಟ್ಟ ಕಟ್ಟಿದ್ದರಂತೆ. ಮುಂದೆ ತೋಪು, ಹಿಂದೆ ವಿಮಾನ! ಈ ಸುದ್ದಿಯನ್ನು ಕಾಕಾ ಹೇಳದ ಜನರಿಲ್ಲ.

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಒಬ್ಬರು, ಪಾಪ, "ಮುದ್ದೇಬಿಹಾಳದ ಗಾಡಿ ಯಾವಾಗ ಐತ್ರಿ?" ಎಂದು ಕೇಳಿದ್ದಷ್ಟೇ. "ಬರ್ತೈತಿ, ಕುಂದರ್ರಿ" ಎಂದು ಕೂಡಿಸಿಕೊಂಡ ಕಾಕಾ ತೋಪಿನಿಂದ ಸುರು ಮಾಡಿದ. ವಿಮಾನದವರೆಗೆ ಬರುವಷ್ಟರಲ್ಲಿ ಬಸ್ಸು ಬಂದು, ನಿಂತು, ಹೋಗಿಯೂ ಆಗಿತ್ತು. ಆ ಮನುಷ್ಯ ಎದ್ದು ಕೈಮುಗಿದು ಕೇಳಿದ: "ಯಪ್ಪಾ, ನಿಮ್ಮ ಹಡಗರ ಮುದ್ದೇಬಿಹಾಳಕ್ಕ ಹೋಗ್ತೈತೇನ್ರಿ?"

ಕೊನೆಗೆ ಕಾಕಾ ತಾನೇ ಒಂದು ಹಡಗು ಕಟ್ಟಿದ. ಹಳೆಯ ಕಪಾಟಿನ ಬಾಗಿಲು, ಅಡಿಯಲ್ಲಿ ಥರ್ಮಾಕೋಲು, ಮುಂಭಾಗಕ್ಕೆ ನೀರಿನ ಪೈಪಿನ ತುಂಡುಗಳ ತೋಪು. ದನಗಳಿಗೆ ನೀರು ಕುಡಿಸುವ ತೊಟ್ಟಿಯಲ್ಲಿ ತೇಲಿಬಿಟ್ಟು ನಮ್ಮನ್ನೆಲ್ಲ ಕರೆದ. ನಾವು ಚಪ್ಪಾಳೆ ತಟ್ಟುವ ಮೊದಲೇ ಬಾಯಾರಿದ ಎಮ್ಮೆ ಬಂದು ಅದರ ಮೂತಿಯ ಮೇಲೇ ತನ್ನ ಮೂತಿಯಿಟ್ಟಿತು. ಮುಳುಗಿದ ಹಡಗನ್ನು ಎತ್ತಿ ಮಾಳಿಗೆಯ ಮೇಲೆ ಒಣಗಲು ಇಟ್ಟೆವು. ಸಪಾಟಾದ ಹಲಗೆ, ಒಳ್ಳೆ ಬಿಸಿಲು! ನಮ್ಮ ಕಾಕು, ಅಂದರೆ ಅವನ ಹೆಂಡತಿ, ಬಿಟ್ಟಾಳೆಯೇ? ಸಂಡಿಗೆ ಹಾಕಿಯೇ ಬಿಟ್ಟಳು.

"ಅಲ್ಲ, ಸಂಡಿಗಿ ಇಲ್ಲಿಟ್ರ ನಾ ಇಮಾನ ಎಲ್ಲಿಂದ ಹಾರಸ್ಲಿ?"

"ಇಮಾನ ಬಂದ ದಿನ ಹೇಳ್ರಿ, ತಗೀತೇನಿ!"

ಜಪಾನಿನವರಿಗೆ ಆಗಿದ್ದೂ ಅದೇ. ಅಟ್ಟ ತಯಾರಾಯಿತು, ಅಲ್ಲಿಂದ ಹಾರಬೇಕಾದ ವಿಮಾನಗಳು ಕಾಳಗಕ್ಕೆ ಒದಗಲೇ ಇಲ್ಲ. ಇದನ್ನು ಹೇಳುವಾಗ ಕಾಕಾ ಕಣ್ಣೊರೆಸಿಕೊಳ್ಳುತ್ತಾನೆ. ಜಪಾನಿನವರೂ ಇಷ್ಟು ಅತ್ತಿರಲಿಕ್ಕಿಲ್ಲ!

ನಗುವುದೇನೋ ಸರಿ, ಪೇಚಿಗೆ ಬಂದದ್ದು ಅವನ ಒಬ್ಬಳೇ ಮಗಳಿಗೆ ಗಂಡು ನೋಡುವಾಗ. ಬಸವನ ಬಾಗೇವಾಡಿಯಿಂದ ಬಂದ ಹಿರಿಯರನ್ನು ಕಾಕಾ ಸೀದಾ ಮಾಳಿಗೆ ಹತ್ತಿಸಿ, ಸುಡುಬಿಸಿಲಿನಲ್ಲಿ ತೋಪಿನದು, ವಿಮಾನದ್ದು ಎರಡೂ ಬಗೆಯ ಯುದ್ಧ ಕಲಿಸಿದ. "ವಿಚಾರ ಮಾಡಿ ಹೇಳ್ತೇವ್ರಿ" ಎಂದು ಹೋದವರು ಇನ್ನೂ ವಿಚಾರ ಮಾಡುತ್ತಲೇ ಇದ್ದಾರೆ. ತಂದೆಗೆ ತಲೆ ನೆಟ್ಟಗಿಲ್ಲ ಎಂದು ಆಡಿಕೊಂಡರಂತೆ.

ಆಮೇಲೆ ಮುದ್ದೇಬಿಹಾಳದವರು ಬರುವುದೆಂದಾಯಿತು. ಅವರ ಹುಡುಗನನ್ನು ಕಾಕಾನ ಮಗಳು, ನಮ್ಮ ತಂಗಿ, ಫೋಟೋ ನೋಡಿಯೇ ಮನಸಾರೆ ಮೆಚ್ಚಿದ್ದಳು. ಹಾಗಾಗಿ ಕಾಕು ಬೆಳಿಗ್ಗೆಯೇ ಹೇಳಿದ್ದಳು: "ಇವತ್ತ ಹಡಗದ ಸುದ್ದಿ ತಗದ್ರ ನಾ ತವರಮನಿಗಿ ಹೊಂಟೆ ನೋಡ್ರಿ!" ಕಾಕಾ ಮಾಳಿಗೆ ಹತ್ತಿ, ಹಡಗಿನ ಮೇಲೆ ತಾಡಪತ್ರಿ ಹೊದಿಸಿ ಬಂದ.

ಬೀಗರಾಗಬೇಕಾದವರು ಬಂದರು. ಮಂಡಕ್ಕಿ ಸುಸಲಾ ತಿಂದರು. ಕಾಕಾ ಮೊಣಕಾಲ ಮೇಲೆ ಕೈಯಿಟ್ಟುಕೊಂಡು "ಹೌದ್ರಿ, ಹೌದ್ರಿ" ಎನ್ನುತ್ತ ಕುಳಿತಿದ್ದ. ಅಷ್ಟರಲ್ಲಿ ಹುಡುಗನ ಅಪ್ಪ, "ಹೋದ ವರ್ಷ ಗೋವಾಕ್ಕ ಹೋಗಿದ್ವಿ. ಅಲ್ಲೊಂದು ಹಡಗ ನೋಡಿದ್ವ್ರಿ, ಏನ್ ದೊಡ್ಡದಂತೀರಿ!" ಎಂದುಬಿಡಬೇಕೆ? ನಾವೆಲ್ಲ ಕಾಕಾನತ್ತ ತಿರುಗಿದೆವು. ಕಾಕಾ ಚಹಾದ ತಟ್ಟೆಯನ್ನು ಮುಂದೆ ಸರಿಸಿದ.

"ಹೌದ್ರಿ? ಚಾ ತಗೋರಿ" ಎಂದ.

ಅವನ ಅವಸ್ಥೆ ನೋಡಿ ನನಗೆ ಸಂಕಟವಾಯಿತು. ಮಗಳಿಗೂ ಹಾಗೇ ಆಗಿರಬೇಕು.

ಕೊನೆಯಲ್ಲಿ ಹುಡುಗನ ತಾಯಿ, "ನೀನೂ ಏನರ ಕೇಳೋದಿದ್ರ ಕೇಳವ್ವ" ಎಂದರು. ಹುಡುಗಿಯರು ಇಲ್ಲವೆಂದು ತಲೆಯಾಡಿಸುವುದು ನಮ್ಮ ಕಡೆಯ ರೂಢಿ. ಇವಳು ತಲೆ ಎತ್ತಿದಳು.

"ನಮ್ಮಪ್ಪ ನಿಮ್ಮ ಮನಿಗಿ ಬಂದಾಗ ಹಿಂಗ ಸುಮ್ಮ ಕುಂದ್ರಬಾರದ್ರಿ. ಅವಗ ಹಡಗಂದ್ರ ಜೀವ. ಹೇಳಿದ್ರ ಕೇಳ್ತೀರೇನ್ರಿ?"

ಹುಡುಗನ ತಾಯಿ ಅವಳನ್ನು ನೋಡಿದರು, ಅವಳ ಅಪ್ಪನನ್ನು ನೋಡಿದರು, ಸೆರಗು ಸರಿಮಾಡಿಕೊಂಡು ನಕ್ಕರು.

"ನಮ್ಮ ಮನಿಯವರು ಗೋವಾದಾಗ ಬರೇ ಬಾಯಿ ತಕ್ಕೊಂಡು ನೋಡಿ ಬಂದಾರ. ನೀವರ ತಿಳಿಸಿ ಹೇಳ್ರಿ, ಬೀಗರ."

ಬೀಗರು! ಮದುವೆ ಅಲ್ಲಿಗೆ ಗಟ್ಟಿಯಾಯಿತು. ಕಾಕಾ ಎದ್ದು ನಿಂತ. "ನನ್ನ ಮಗಳು..." ಎಂದವನೇ ಟವೆಲಿನಿಂದ ಮುಖ ಮುಚ್ಚಿಕೊಂಡ. ಅವನನ್ನು ಸುಮ್ಮನಿರಿಸಲು ವರ್ಷಗಟ್ಟಲೆ ಹೆಣಗಿದ ನಾವೆಲ್ಲ, ಅವನು ಮಾತಾಡಲಿ ಎಂದು ಕಾದು ಕುಳಿತೆವು.