ತುಟಿಗೆ ಏಳನೇ ನಂಬರ್

ನನ್ನ ಹೆಂಡತಿಯನ್ನು ನಾನು ಮೊದಲು ನೋಡಿದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ, ನಾನು ಬಣ್ಣ ಬೆರೆಸುವ ಪೇಂಟ್ ಅಂಗಡಿಯಲ್ಲಿ. ಹಳೆಯ ಪೇಪರಿನಲ್ಲಿ ಸುತ್ತಿದ್ದ ಗೋಡೆಯ ಚಕ್ಕೆಯೊಂದನ್ನು ಕೌಂಟರಿನ ಮೇಲೆ ಬಿಚ್ಚಿಟ್ಟು, "ಇದೇ ಬಣ್ಣ ಬೇಕು. ಕಪಾಟು ಎಳೆಯುವಾಗ ಕಿತ್ತುಬಂತು. ಮನೆ ಓನರ್ ಭಾನುವಾರ ಬರ್ತಾರೆ" ಎಂದಳು. ನಾನು ಬೆರೆಸಿ, ಕಾಗದಕ್ಕೆ ಬಳಿದು, ಒಣಗಿಸಿ, ಚಕ್ಕೆಯ ಪಕ್ಕ ಹಿಡಿದೆ. ತದ್ರೂಪ! ಅವಳು ಎರಡನ್ನೂ ಎತ್ತಿಕೊಂಡು ಬಾಗಿಲಿಗೆ ಹೋಗಿ, ಬಿಸಿಲಿಗೆ ಹಿಡಿದು, "ಇದು ಅದಲ್ಲ" ಎಂದಳು. ನಾಲ್ಕು ಸಲ ಬೆರೆಸಿದೆ, ನಾಲ್ಕು ಸಲ ಬಾಗಿಲಿಗೆ ಹೋದಳು. ಐದನೆಯ ಸಲ "ಹೂಂ" ಎಂದಳು. ಅಷ್ಟರಲ್ಲಿ ನಾನು ಮದುವೆಯಾದರೆ ಇವಳನ್ನೇ ಎಂದು ತೀರ್ಮಾನಿಸಿಬಿಟ್ಟಿದ್ದೆ. (ಬುದ್ಧಿಯಿದ್ದವನು "ಇದು ಅದಲ್ಲ" ಎಂದು ನಾಲ್ಕು ಸಲ ಕೇಳಿದ ಮೇಲೆ ಹಿಂಬಾಗಿಲಿನಿಂದ ಓಡುತ್ತಿದ್ದ.)

ನಾನು ರಸಾಯನಶಾಸ್ತ್ರದ ಬಿ.ಎಸ್ಸಿ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಊರಲ್ಲಿ ಯಾರ ಎಮ್ಮೆ ಕೆಮ್ಮಿದರೂ "ಓದಿದವನನ್ನ ಕೇಳಿ" ಎನ್ನುತ್ತಾರೆ. ಹೀಗಾಗಿ "ನನಗೆ ಗೊತ್ತಿಲ್ಲ" ಎನ್ನುವ ಅಭ್ಯಾಸ ತಪ್ಪಿಹೋಗಿದೆ. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಹೆಂಡತಿಗೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಬಂದವರನ್ನು ವಿಚಾರಿಸುವ ಮುಂದಿನ ಮೇಜಿನ ಕೆಲಸ ಸಿಕ್ಕಿತ್ತು. ಹಲ್ಲು ಕೀಳಿಸಿಕೊಳ್ಳಲು ನಡುಗುತ್ತ ಬರುವ ದೊಡ್ಡ ದೊಡ್ಡ ಮೀಸೆಗಳನ್ನು ಮಾತಾಡಿಸಿ ಕೂರಿಸುವುದೆಂದರೆ ಅವಳಿಗೆ ಪ್ರಾಣ. ಮೂರು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು. ಎರಡು ವಾರ ಬಾಕಿ ಇದ್ದಾಗ ಒಂದು ಸಂಜೆ ಬಂದವಳೇ ಚೀಲವನ್ನು ಕುರ್ಚಿಗೆ ಎಸೆದಳು.

"ಬಂದವರೆಲ್ಲ 'ಈ ಹುಡುಗಿಗೆ ಜ್ವರಾನಾ' ಅಂತ ಕೇಳ್ತಾರಂತೆ ರೀ. ತುಟಿ ಬಿಳಿಚಿಕೊಂಡಿದೆಯಂತೆ. ಸ್ವಲ್ಪ ಬಣ್ಣ ಹಚ್ಕೊಂಡು ಬಾ ಅಂದ್ರು ಡಾಕ್ಟರಮ್ಮ. ಆದ್ರೆ ಹಚ್ಚಿದ್ದು ಕಾಣಬಾರದಂತೆ!"

"ಕಾಣದಿದ್ರೆ ಹಚ್ಚೋದ್ಯಾಕೆ?"

"ಅವರನ್ನೇ ಹೋಗಿ ಕೇಳಿ. ಇಲ್ಲದಿದ್ರೆ ಆ ಕುರ್ಚಿಗೆ ಬೇರೆಯವರನ್ನ ನೋಡ್ತಾರಂತೆ." ಅವಳ ಕಣ್ಣು ತುಂಬಿತ್ತು.

ಅವಳು ತಾನೇ ಮೂರು ಬಣ್ಣ ತಂದು ನೋಡಿದಳು. ಒಂದನ್ನು ಹಚ್ಚಿಕೊಂಡರೆ ಬೀಟ್‌ರೂಟ್ ಕದ್ದು ತಿಂದವಳಂತೆ ಕಂಡಳು. ಇನ್ನೊಂದರ ಅಂಟಿಗೆ ಮೇಲ್ತುಟಿ ಕೆಳತುಟಿಯನ್ನು ಬಿಡಲೊಲ್ಲದು. (ಆ ದಿನ ಮನೆ ಪ್ರಶಾಂತವಾಗಿತ್ತು.) ಮೂರನೆಯದು ಅರ್ಧ ಗಂಟೆಗೆ ಒಣಗಿ ಕೆರೆಯಂಗಳದಂತೆ ಬಿರುಕು ಬಿಟ್ಟಿತು. "ಯಾರ ಕಣ್ಣಿಗೂ ಹೊಡೀಬಾರದು, ಹಚ್ಚಿದ್ದು ನನಗೂ ಗೊತ್ತಾಗಬಾರದು. ಅಂಥದ್ದು ಈ ಲೋಕದಲ್ಲಿ ಇಲ್ಲ ಬಿಡಿ" ಎಂದಳು.

"ನನಗೆ ಬಿಡು. ನನ್ನ ಕೆಲಸವೇ ಬಣ್ಣದ್ದು" ಎಂದೆ.

ಅಂಗಡಿಯಿಂದ ಶೇಡ್ ಪುಸ್ತಕ ತಂದು ಅವಳ ಮುಖದ ಪಕ್ಕ ಹಿಡಿದು ಹಾಳೆ ತಿರುವಿದೆ. "ಹಳೇ ಇಟ್ಟಿಗೆ ಬಣ್ಣ. ಸರಿಯಾಗಿ ಕೂರುತ್ತೆ."

"ನನ್ನ ತುಟಿ ಇಟ್ಟಿಗೇನಾ?"

"ಬಣ್ಣ ಹೇಳಿದ್ದು. ಮೊದಲು ಮೇಲ್ಮೈ ಸಿದ್ಧ ಆಗಬೇಕು. ಹಳೇ ಸಿಪ್ಪೆ ತೆಗೀದೆ ಬಣ್ಣ ನಿಲ್ಲಲ್ಲ."

"ಸ್ಯಾಂಡ್ ಪೇಪರ್ ತಂದಿದ್ದೀರಾ, ಇಲ್ಲ ನಾನೇ ಗೋಡೆಗೆ ಉಜ್ಜಿಕೊಳ್ಳಲಾ?"

ನಾನು ಎದೆಗುಂದಲಿಲ್ಲ. ಸೌಂದರ್ಯ ಸಾಮಗ್ರಿಗಳ ಅಂಗಡಿಗೆ ಹೋಗಿ, ಅಲ್ಲಿನ ಹುಡುಗಿಯನ್ನು "ಇದು ಒಣಗಲು ಎಷ್ಟು ಹೊತ್ತು? ಎರಡನೇ ಕೋಟ್ ಬೇಕೆ? ತೊಳೆದರೆ ಬಿಡುತ್ತದೆಯೆ?" ಎಂದು ವಿಚಾರಿಸಿದೆ. ಅವಳು ಒಳಗಿನಿಂದ ಇನ್ನೊಬ್ಬಳನ್ನು ಕರೆದು ನನ್ನನ್ನು ತೋರಿಸಿದಳು. ಎಡಗೈ ಮೇಲೆ ಹನ್ನೊಂದು ತುಟಿಬಣ್ಣಗಳ ಗೆರೆ ಎಳೆಸಿಕೊಂಡು, ಪೆನ್ನಿನಿಂದ ನಂಬರ್ ಬರೆದುಕೊಂಡು ಬಂದೆ. ಮರುದಿನ ಡಬ್ಬ ಕೊಳ್ಳಲು ಬಂದ ಬಣ್ಣದ ಮೇಸ್ತ್ರಿ ನನ್ನ ಕೈಯನ್ನೇ ದಿಟ್ಟಿಸಿ, "ಸಾರ್, ಈ ಏಳನೇ ನಂಬರ್ ಚೆನ್ನಾಗಿದೆ. ಗೇಟಿಗೆ ಎರಡು ಲೀಟರ್ ಕೊಡಿ" ಎಂದ. ವೃತ್ತಿಪರರ ಅಭಿಪ್ರಾಯಕ್ಕೆ ನಾನು ಬೆಲೆ ಕೊಡುವವನು. ಏಳನೇ ನಂಬರನ್ನೇ ತಂದೆ.

ಹಚ್ಚಿಕೊಂಡು ಹತ್ತು ನಿಮಿಷವಾಗಿಲ್ಲ, ಹೆಂಡತಿ "ಬಿಗೀತಿದೆ" ಎಂದಳು.

"ಅದು ನಿನ್ನ ಭ್ರಮೆ. ಸ್ವಲ್ಪ ಹೊತ್ತಿಗೆ ಹೊಂದಿಕೊಳ್ಳುತ್ತೆ."

"ಹೌದಾ? ಹಾಗಾದ್ರೆ ನಾಳೆ ನೀವೇ ಹಚ್ಕೊಂಡು ಹೋಗಿ."

ವಿಜ್ಞಾನ ಓದಿದವನು ಪ್ರಯೋಗಕ್ಕೆ ಹೆದರಬಾರದು. ತೆಳ್ಳಗೆ ಹಚ್ಚಿಕೊಂಡು ಹೋದೆ. ಹನ್ನೊಂದು ಗಂಟೆಯ ಹೊತ್ತಿಗೆ ತುಟಿ ತಮಟೆಯಾಗಿತ್ತು. ಗಿರಾಕಿಗಳನ್ನು ನೋಡಿ ನಗಲು ಹೋದರೆ ಮುಖದ ಅರ್ಧ ಮಾತ್ರ ಒಪ್ಪುತ್ತಿತ್ತು. "ಯಾಕಯ್ಯ ಗಿರಾಕಿ ಮುಂದೆ ಮುಖ ಬಿಗಿದುಕೊಂಡು ನಿಂತಿದ್ದೀಯ?" ಎಂದು ಅಂಗಡಿಯ ಯಜಮಾನರು ಗದರಿದರು. ಹೆಂಡತಿ ಹೇಳಿದ್ದು ನಿಜವಾಗಿತ್ತು. (ಇದನ್ನು ಅವಳಿಗೆ ಇನ್ನೂ ಹೇಳಿಲ್ಲ.)

ಆಗ ನನ್ನ ರಸಾಯನಶಾಸ್ತ್ರ ಜಾಗೃತವಾಯಿತು. ಬಣ್ಣ ಗಟ್ಟಿಯಾದರೆ ತೆಳು ಮಾಡಬೇಕು, ಅಷ್ಟೇ! ಆ ಏಳನೇ ನಂಬರಿನ ಲಿಪ್‌ಸ್ಟಿಕ್ ಕಡ್ಡಿಯಿಂದ ಚೂರೊಂದನ್ನು ಕೆರೆದು, ತುಟಿ ಒಡೆದಾಗ ಹಚ್ಚುವ ಮುಲಾಮಿನಲ್ಲಿ ಒಂದಕ್ಕೆ ಒಂಬತ್ತರಂತೆ ಕಲಸಿ, ಕುಂಕುಮದ ಭರಣಿಯಷ್ಟಿದ್ದ ಸಣ್ಣ ಖಾಲಿ ಡಬ್ಬಿಗೆ ತುಂಬಿದೆ. ಮೊದಲ ಪ್ರಯೋಗ ಮರುದಿನ ನನ್ನ ಮೇಲೆಯೇ. ಅಂದು ಮಧ್ಯಾಹ್ನದ ಹೊತ್ತಿಗೆ ಹಚ್ಚಿದ್ದೇ ಮರೆತುಹೋಗಿತ್ತು. ಸಂಜೆ ಯಜಮಾನರು ನನ್ನನ್ನು ನೋಡಿ ಕನ್ನಡಕ ಏರಿಸಿದರು.

"ಇವತ್ತು ಕಳೆಕಳೆಯಾಗಿದ್ದೀಯಲ್ಲಯ್ಯ! ಜ್ವರ ಬಿಡ್ತಾ?"

"ನನಗೆ ಜ್ವರ ಇರಲಿಲ್ಲ ಸಾರ್."

"ಇರಲಿಲ್ವಾ? ಎರಡು ವರ್ಷದಿಂದ ಇದೆ ಅಂದ್ಕೊಂಡಿದ್ದೆ."

ಕಾಣದೆ ಕಾಣುವ ಬಣ್ಣ! ಅವಳ ಕುರ್ಚಿ ಉಳಿಯಿತು! ಓಡುತ್ತ ಮನೆಗೆ ಬಂದು ಡಬ್ಬಿಯನ್ನು ಅವಳ ಕೈಗಿಟ್ಟೆ. ಅವಳು ಅದನ್ನು ಬಾಗಿಲಿಗೆ ಒಯ್ದು ಸಂಜೆಯ ಬೆಳಕಿಗೆ ಹಿಡಿದಳು. ಅಂದಿನ ಮಂಗಳವಾರದಂತೆಯೇ ಅವಳ "ಹೂಂ"ಗಾಗಿ ಕಾದೆ.

"ತುಂಬ ಚೆನ್ನಾಗಿದೆ ರೀ. ಆದ್ರೆ ನನಗೆ ಬೇಡ."

"ಬೇಡವಾ? ಕೆಲಸ?"

"ಖಾಯಂ ಆಯ್ತು. ಇವತ್ತು ಮೇಜಿನ ಹತ್ರ ಕನ್ನಡಿ ನೋಡ್ಕೊಂಡೆ, ರೋಗಿ ಥರ ಇದ್ದೆ. ಬಾಗಿಲಿಗೆ ಹೋಗಿ ನೋಡ್ಕೊಂಡೆ, ಸರಿಯಾಗೇ ಇದ್ದೆ. ಡಾಕ್ಟರಮ್ಮನ್ನ 'ಒಂದ್ನಿಮಿಷ ನನ್ನ ಕುರ್ಚೀಲಿ ಕೂತ್ಕೊಳ್ಳಿ ಮೇಡಂ' ಅಂತ ಕೂರಿಸಿ ಕನ್ನಡಿ ಕೊಟ್ಟೆ. ಬೆಚ್ಚಿಬಿದ್ರು! ತಲೆ ಮೇಲಿನ ಟ್ಯೂಬ್‌ಲೈಟ್ ರೀ, ಹಸಿರು ಹೊಡೀತಿತ್ತು. ತಕ್ಷಣ ಬೇರೆ ಹಾಕಿಸಿದ್ರು. 'ಇಷ್ಟು ದಿನ ಯಾರಿಗೂ ಹೊಳೀಲಿಲ್ಲ' ಅಂತ ನನ್ನ ಹೊಗಳಿದ್ದೇ ಹೊಗಳಿದ್ದು."

ನಾನು ಡಬ್ಬಿಗಾಗಿ ಕೈ ಚಾಚಿದೆ.

"ಬಣ್ಣದ ಅಂಗಡಿಯವರು ನೀವು," ಎಂದಳು, ಡಬ್ಬಿಯನ್ನು ನನ್ನ ಜೇಬಿಗೆ ಹಾಕುತ್ತ. "ಬಾಗಿಲಿಗೆ ಹೋಗಿ ನೋಡ್ಬೇಕು ಅಂತ ಮೊದಲ ದಿನವೇ ನಾಲ್ಕು ಸಲ ತೋರಿಸಿಕೊಟ್ಟಿದ್ನಲ್ಲ!"

ನಮ್ಮ ಅಂಗಡಿಯ ಟ್ಯೂಬ್‌ಲೈಟೂ ಅದೇ ಜಾತಿಯದು. ಬದಲಾಯಿಸೋಣ ಎಂದರೆ ಯಜಮಾನರು "ಉರೀತಿರೋದನ್ನ ಯಾಕಯ್ಯ ಕೀಳ್ತೀಯ?" ಎನ್ನುತ್ತಾರೆ. ಒಂದು ದಿನ ಆ ಡಬ್ಬಿಯ ಬಣ್ಣ ಹಚ್ಚಿಕೊಳ್ಳದೆ ಹೋದೆ. "ಮತ್ತೆ ಜ್ವರ ಬಂತಾ?" ಎಂದು ಮಧ್ಯಾಹ್ನವೇ ಮನೆಗೆ ಕಳಿಸಿದರು.

ನನ್ನ ಹೆಂಡತಿ ಈಗ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಖಾಯಂ ಆಗಿ ಕೆಲಸ ಮಾಡುತ್ತಾಳೆ. ತುಟಿಗೆ ಏನೂ ಹಚ್ಚಿಕೊಳ್ಳುವುದಿಲ್ಲ. ನಾನು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿಕೊಳ್ಳುತ್ತೇನೆ.