ಮಕ್ಕಳ ನಾಲಿಗೆ, ಅಪ್ಪನ ತಟ್ಟೆ

ಮಕ್ಕಳಿಗೆ ಜ್ವರ ಬಂದರೆ ಹೇಗೋ ತಡೆದುಕೊಳ್ಳಬಹುದು, ಜ್ವರ ಇಳಿಯುತ್ತದೆ. ಮಕ್ಕಳದು ಇಂಥ ಪ್ರಕೃತಿ ಎಂದು ಯಾರಾದರೂ ಹೇಳಿಬಿಟ್ಟರೆ ಮಾತ್ರ ತಂದೆಯಾದವನಿಗೆ ಬಿಡುಗಡೆಯಿಲ್ಲ. ಅರವತ್ತರ ದಶಕದ ಮೊದಲಲ್ಲಿ, ವಿಮಾ ಕಚೇರಿಯ ವರ್ಗಾವಣೆಯ ಮೇಲೆ ಅಹಮದಾಬಾದಿನಲ್ಲಿದ್ದಾಗ ನನಗೆ ಇದು ಚೆನ್ನಾಗಿ ಮನದಟ್ಟಾಯಿತು.

ನನ್ನ ಹಲ್ಲುನೋವಿಗೆಂದು ಒಬ್ಬ ಚೀನೀ ದಂತವೈದ್ಯರಲ್ಲಿಗೆ ಮನೆಮಂದಿಯೆಲ್ಲ ಹೋಗಿದ್ದೆವು. ಹಲ್ಲು ಕೀಳುವುದು ಅವರ ಹೊಟ್ಟೆಪಾಡು. ತಾತನಿಂದ ಕಲಿತ ಚೀನೀ ವೈದ್ಯಪದ್ಧತಿ ಅವರ ಪ್ರೀತಿ. ನನ್ನ ಬಾಯಿಗೆ ಹತ್ತಿ ತುರುಕಿ ಕೂರಿಸಿ, ಮಕ್ಕಳ ನಾಲಿಗೆ ನೋಡಿದರು, ಅಂಗೈ ಮುಟ್ಟಿದರು. ದೊಡ್ಡವನಾದ ರಘುವಿನದು ಬಿಸಿ ಶರೀರ, ಚಿಕ್ಕವಳಾದ ಪದ್ಮಳದು ತಂಪು ಶರೀರ, ಅದಕ್ಕೇ ಅವಳು ಸೊರಗಿದ್ದಾಳೆ ಎಂದು ಹಿಂದಿಯಲ್ಲಿ ತೀರ್ಪು ಕೊಟ್ಟರು. ಪದ್ಮ ಏನು ಬಡಿಸಿದರೂ ಮುಟ್ಟದೆ ಕಡ್ಡಿಯಾಗಿದ್ದುದು ನಮ್ಮಿಬ್ಬರ ನಿದ್ದೆ ಕೆಡಿಸಿತ್ತು. ನನ್ನ ಹೆಂಡತಿ ಸರೋಜ ಆ ಮಾತನ್ನು ವೇದವಾಕ್ಯವಾಗಿ ಹಿಡಿದಳು. ಬಾಯಲ್ಲಿ ಹತ್ತಿಯಿದ್ದ ನಾನು ಏನೂ ಹೇಳುವಂತಿರಲಿಲ್ಲ.

ಅಂದಿನಿಂದ ಎರಡು ಅಡುಗೆ. ರಘುವಿಗೆ ಹೆಸರುಕಾಳಿನ ಗಂಜಿ, ಸೌತೆಕಾಯಿ. ಪದ್ಮಳಿಗೆ ಶುಂಠಿ ಸಾರು, ಖರ್ಜೂರ. ಕಚೇರಿಯಿಂದ ಸೈಕಲ್ ತುಳಿದು ಸುಸ್ತಾಗಿ ಬಂದರೆ, ಶುಂಠಿ ಮುಗಿದಿದೆ ಎಂದು ಮತ್ತೆ ಪೇಟೆಗೆ ಓಡಿಸುತ್ತಿದ್ದಳು. ಪಕ್ಕದ ಮನೆಯ ಹಂಸಾಬೆನ್ ಕಳಿಸುವ ಢೋಕ್ಳಾ ಬಿಸಿಯೋ ತಂಪೋ ತೀರ್ಮಾನವಾಗದೆ ಅಷ್ಟೂ ನನ್ನ ಪಾಲಿಗೆ ಬರುತ್ತಿತ್ತು. ಈ ವೈದ್ಯದಿಂದ ನನಗಾದ ಲಾಭ ಅದೊಂದೇ.

ಒಂದು ದಿನ ಸರೋಜ ನಲ್ಲಿಯ ಹತ್ತಿರ ಹೋಗಿದ್ದಾಗ, ಮಕ್ಕಳಿಬ್ಬರೂ ಸದ್ದಿಲ್ಲದೆ ತಟ್ಟೆ ಬದಲಾಯಿಸಿಕೊಳ್ಳುವುದನ್ನು ಕಂಡೆ.

"ದಿನಾ ಹೀಗೇ ಮಾಡೋದು. ಅಮ್ಮಂಗೆ ಹೇಳ್ಬೇಡಪ್ಪ" ಎಂದ ರಘು, ಖರ್ಜೂರ ಅಗಿಯುತ್ತ.

"ಕಾಕ್ಡೀ ಬಹು ಸರಸ್" ಎಂದು ಪದ್ಮ ಗುಜರಾತಿಯಲ್ಲಿ ಸೌತೆಕಾಯಿಯನ್ನು ಹೊಗಳಿದಳು.

ಗದರಬೇಕಿತ್ತು. ಗದರುವುದಕ್ಕೂ ತ್ರಾಣ ಬೇಕಲ್ಲ. ಅಲ್ಲದೆ ಆ ಹುಡುಗಿ ತಟ್ಟೆ ಬರಿದು ಮಾಡಿದ್ದನ್ನು ನಾನು ಅದುವರೆಗೆ ನೋಡಿರಲೇ ಇಲ್ಲ. ಸಂತೋಷದಿಂದ ಕಣ್ಣು ತುಂಬಿಬಂತು, ನಲ್ಲಿಯ ಕಡೆ ಕಣ್ಣಿಟ್ಟು ಕಾವಲು ನಿಂತೆ.

ಮುಂದಿನ ಸಲ ವೈದ್ಯರು ಪದ್ಮಳ ತುಂಬಿದ ಕೆನ್ನೆ ನೋಡಿ, ಪಥ್ಯ ಮಾಡಿಸಿದರೆ ಹೀಗೆ ಮಾಡಿಸಬೇಕು ಎಂದು ಸರೋಜಳನ್ನು ಹೊಗಳಿದರು. ಅವಳು ಉಬ್ಬಿಹೋಗಿ, "ಇವರ್ದೂ ಒಂಚೂರು ನೋಡಿಬಿಡ್ಲಿ, ನಾಲಿಗೆ ಚಾಚಿ" ಎಂದು ನನ್ನನ್ನು ಮುಂದೆ ನೂಕಿದಳು. ನನ್ನದು ಬಿಸಿಯೂ ಅಲ್ಲದ ತಂಪೂ ಅಲ್ಲದ ದಣಿದ ಶರೀರವಂತೆ. ಕಾಫಿ, ಒಗ್ಗರಣೆ, ಹುಳಿ, ಖಾರ ಎಲ್ಲವೂ ನಿಷಿದ್ಧ.

ಆ ರಾತ್ರಿ ನನ್ನೆದುರು ಸಪ್ಪೆ ಬಾರ್ಲಿ ಗಂಜಿ ಬಂತು. ಸರೋಜ ಒಳಗೆ ಹೋದದ್ದೇ ತಡ, ತಟ್ಟೆಯನ್ನು ಮೆಲ್ಲಗೆ ಮಕ್ಕಳ ಕಡೆ ಸರಿಸಿದೆ. ಇಬ್ಬರೂ ಅದನ್ನೊಮ್ಮೆ ಬಗ್ಗಿ ನೋಡಿ, ತಮ್ಮ ತಮ್ಮ ತಟ್ಟೆಗಳನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡರು.